ಮುನಿಸಿಕೊಳ್ಳುವ ಹವಳವೂ ಮಂಗಳೂರಿನ ಸೆಕೆಯೂ

ಸುರತ್ಕಲ್‌ನ ನಮ್ಮ ಮನೆಯ ಚಾವಡಿಗೆ ಉಪ್ಪುನೀರಿನ ಟ್ಯಾಂಕ್ ಬಂದು ಮೂರು ವರ್ಷವಾಯಿತು. ಮೊದಲ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಬಂಗುಡೆ ಬೇಯಿಸುವ ಮನೆಯಲ್ಲಿ ಮೀನು ಸಾಕುವುದುಂಟೇ?" ಸಾಕುವುದು ಮೀನಿಗಿಂತ ಹೆಚ್ಚಾಗಿ ಹವಳವನ್ನು ಎಂದಾಗ ಅವರಿಗೆ ನೆನಪಾದದ್ದು ಉಂಗುರದ ಕೆಂಪು ಹರಳು.

ಸಮುದ್ರ ಪಕ್ಕದಲ್ಲೇ ಇರುವಾಗ ಉಪ್ಪುನೀರಿಗೆ ದುಡ್ಡು ಕೊಡುವುದೇಕೆ ಎಂದುಕೊಂಡದ್ದು ನನ್ನ ಮೊದಲ ಪೆದ್ದುತನ. ಜೂನ್‌ನಲ್ಲಿ ಪಣಂಬೂರಿನಿಂದ ಎರಡು ಕ್ಯಾನ್ ತಂದು ಅಳೆದರೆ, ಉಪ್ಪು ಎಷ್ಟಿದೆಯೆಂದು ತೋರಿಸುವ ಸಾಂದ್ರತೆ 1.018. ಬೇಕಾದದ್ದು 1.025. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ನದಿಗಳ ಕೆಂಪು ನೀರೆಲ್ಲ ಸೇರುವುದು ಇದೇ ಕಡಲಿಗೆ. ಅಂದಿನಿಂದ ಆರ್‌ಒ ನೀರಿಗೆ ಅಕ್ವೇರಿಯಂಗೆಂದೇ ಬರುವ ಪ್ಯಾಕೆಟ್ ಉಪ್ಪು ಬೆರೆಸುತ್ತೇನೆ, ಅಡುಗೆಯದಲ್ಲ. ಆವಿಯಾಗಿ ಕಡಿಮೆಯಾದಷ್ಟನ್ನು ತುಂಬಲು ಮಾತ್ರ ಸಿಹಿನೀರೇ ಬೇಕು; ಉಪ್ಪು ಆವಿಯಾಗುವುದಿಲ್ಲವಲ್ಲ.

ನಿಜವಾದ ಶತ್ರು ಸೆಕೆ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಬೆಳಕಿನಿಂದ ಅನ್ನ ಮಾಡಿ ಅದಕ್ಕೆ ಉಣಿಸುತ್ತದೆ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನನ್ನ ಟ್ಯಾಂಕ್ 31 ಡಿಗ್ರಿ ಮುಟ್ಟಿತು. ನೀರಿನ ಮೇಲೆ ಫ್ಯಾನ್ ಹಾಕು, ಇಳಿಯುತ್ತದೆ ಎಂದ ಬೆಂಗಳೂರಿನ ಗೆಳೆಯ. ಅಲ್ಲಿಯ ಒಣಗಾಳಿಗೆ ಅದು ಸರಿ. ಬಟ್ಟೆಯೇ ಒಣಗದ ನಮ್ಮ ತೇವದ ಗಾಳಿಗೆ ಒಂದು ಡಿಗ್ರಿ ಇಳಿದದ್ದೇ ಹೆಚ್ಚು. ಕೊನೆಗೆ ನೀರು ತಂಪು ಮಾಡುವ ಯಂತ್ರ, ಚಿಲ್ಲರ್ ಕೊಂಡೆ. ಟ್ಯಾಂಕಿನಲ್ಲಿದ್ದ ಅಷ್ಟೂ ಜೀವಗಳಿಗಿಂತ ಅದರ ಬೆಲೆಯೇ ಹೆಚ್ಚು.

ಕಲ್ಲಿನ ಗೂಡು ಕಟ್ಟುವ ಗಟ್ಟಿ ಹವಳಗಳ ಆಸೆಯನ್ನು ಮೊದಲೇ ಬಿಟ್ಟಿದ್ದೆ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ ನೋಡಿದ್ದನ್ನು ಅಲ್ಲಿಯೇ ಬಿಟ್ಟು ಬರಬೇಕು. ಹೊಸಬರಿಗೆ ಮೆದು ಹವಳಗಳೇ ಸರಿ.

ಆರು ವಾರ ಬರೀ ಕಲ್ಲು, ನೀರು. ಹೊಸ ಟ್ಯಾಂಕಿನ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮಶ್ರೂಮ್ ಎಂಬ ಮೆದು ಹವಳ ತಂದೆ. ಮಂದ ಬೆಳಕು, ನಿಧಾನ ಹರಿವು ಸಾಕು, ತಳದಲ್ಲಿಟ್ಟು ಮರೆತುಬಿಡಬಹುದು. ಆಮೇಲೆ ಅಂಗಿಯ ಗುಂಡಿ ಪೋಣಿಸಿದಂತಿರುವ ಝೋವಾ ಹವಳ. ಇದು ಸುಲಭ, ಆದರೆ ಈ ಕುಲದ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬಾರದು. ಅದು ಹತ್ತಿದ ಕಲ್ಲನ್ನು ಬಿಸಿನೀರಿನಲ್ಲಿ ತೊಳೆಯುವ, ಕುದಿಸುವ ಯೋಚನೆಯೂ ಬೇಡ. ಆವಿ ಉಸಿರಿಗೆ ಹೋದರೆ ಆಸ್ಪತ್ರೆಯೇ ಗತಿ.

ನನ್ನನ್ನು ಕಾಡಿದ್ದು ಲೆದರ್ ಎಂಬ ಮೆದು ಹವಳ. ಬಂದ ದಿನ ಛತ್ರಿಯಂತೆ ಅರಳಿ ನಿಂತಿತ್ತು. ಹತ್ತನೆಯ ದಿನ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಬೋಳಾಯಿತು. ಮೈಮೇಲೆ ಮೇಣ ಸವರಿದ ಹೊಳಪು. ಸತ್ತಿತೆಂದುಕೊಂಡು ದಿನಕ್ಕೆರಡು ಬಾರಿ ಜಾಗ ಬದಲಿಸಿದೆ, ಎತ್ತಿ ಮೂಸಿಯೂ ನೋಡಿದೆ. ನಾರುತ್ತಿರಲಿಲ್ಲ. ಆ ಒಂದೇ ಕಾರಣಕ್ಕೆ ಎಸೆಯದೆ ಉಳಿಸಿದೆ. ಎರಡು ವಾರ ಕಳೆದ ಮೇಲೆ ಆ ಮೇಣದ ಪೊರೆ ಒಂದು ಅಂಚಿನಿಂದ ಎದ್ದು, ಹಾಲಿನ ಕೆನೆಯಂತೆ ಹರಿವಿನಲ್ಲಿ ಅಲುಗಾಡುತ್ತ ಕಳಚಿಹೋಯಿತು. ಮರುದಿನ ಬೆಳಿಗ್ಗೆ ಎಳೆಗಳೆಲ್ಲ ಹೊರಗೆ. ಪಾಚಿ ಮೆತ್ತದಂತೆ ಅದು ಆಗಾಗ ಹೀಗೆ ಪೊರೆ ಬಿಡುತ್ತದೆ. ಪಂಪನ್ನು ಸ್ವಲ್ಪ ಅದರತ್ತ ತಿರುಗಿಸಿ ಸುಮ್ಮನಿದ್ದರಾಯಿತು. ನಾನು ಮಾಡದೆ ಹೋದದ್ದು ಅದೊಂದನ್ನೇ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಪಂಪು ಮಾತ್ರ ಇನ್ವರ್ಟರ್ ಮೇಲೆ ಓಡುತ್ತದೆ, ದೀಪ ಆರಿರುತ್ತದೆ. ಒಂದು ದಿನದ ಕತ್ತಲೆಗೆ ಇವು ಯಾವುವೂ ಜಗ್ಗಲಿಲ್ಲ.

ಬೇಗ ಹಬ್ಬುವ ಗ್ರೀನ್ ಸ್ಟಾರ್ ಪಾಲಿಪ್ ಹವಳ ಕೊಳ್ಳುವವರು ಅದನ್ನು ಒಂಟಿ ಕಲ್ಲಿನ ಮೇಲೆ ಇಡಿ. ದೊಡ್ಡ ಬಂಡೆಗೆ ತಗುಲಿಸಿದ ನನ್ನದು ಈಗ ಹಿಂದಿನ ಗಾಜನ್ನೂ ಹತ್ತಿದೆ. ತಿಂಗಳಿಗೊಮ್ಮೆ ಬ್ಲೇಡಿನಿಂದ ಕೆರೆದು, ಕೇಳಿದವರಿಗೆ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಕೊಡುತ್ತೇನೆ.