ಹಳೇ 800, ಹೊಸ ಕೈ: ಮೊದಲ ಕಾರನ್ನು ಮಕ್ಕಳ ಜೊತೆ ಸಜ್ಜು ಮಾಡುವುದು ಹೇಗೆ?

ಷೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತ ಮಾರುತಿ 800 ಇದೆ, ಮನೆಯಲ್ಲಿ ಪಿಯುಸಿ ಓದುವ ಮಗಳೋ ಮಗನೋ ಇದ್ದಾರೆ. ಬೇಸಿಗೆ ರಜೆಗೆ ಇಷ್ಟು ಸಾಕು. ಮೊದಲ ಸಲ ಸ್ಪ್ಯಾನರ್ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರು ಸಿಗುವುದು ಕಷ್ಟ. ತೂಕ ಸುಮಾರು 650 ಕಿಲೋ, ಎಂಜಿನ್ 796 ಸಿಸಿ, ಮೂರೇ ಸಿಲಿಂಡರು. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ತಯಾರಿಕೆ 2014ರ ಜನವರಿಯಲ್ಲೇ ನಿಂತರೂ ಬ್ರೇಕ್ ಪ್ಯಾಡ್, ಹೋಸ್, ಪ್ಲಗ್‌ಗಳಂಥ ದಿನಬಳಕೆಯ ಭಾಗಗಳು ತಾಲ್ಲೂಕು ಕೇಂದ್ರದ ಸ್ಪೇರ್ಸ್ ಅಂಗಡಿಗಳಲ್ಲೂ ಸಿಗುತ್ತವೆ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ.

ಹುಡುಗರ ಮನಸ್ಸು ಮೊದಲು ಬಣ್ಣಕ್ಕೆ, ಮ್ಯೂಸಿಕ್ ಸಿಸ್ಟಮ್ಮಿಗೆ, ಅಲಾಯ್ ಚಕ್ರಕ್ಕೆ ಹಾರುತ್ತದೆ. ಅಲ್ಲಿಗೆ ಹಣ ಹೋದರೆ ಬ್ರೇಕಿಗೆ ಉಳಿಯುವುದಿಲ್ಲ. ಕೆಲಸದ ಸರದಿಯನ್ನು ಮೊದಲ ದಿನವೇ ಗೋಡೆಗೆ ಬರೆದು ಅಂಟಿಸಿ: ಗಾಡಿ ಮೊದಲು ನಿಲ್ಲಬೇಕು, ಆಮೇಲೆ ಸರಿಯಾಗಿ ತಿರುಗಬೇಕು, ಬಿಸಿಯೇರದೆ ಇರಬೇಕು, ಆಮೇಲಷ್ಟೇ ಚೆನ್ನಾಗಿ ಓಡಬೇಕು. ಹೊಳೆಯುವುದು ಕಟ್ಟಕಡೆಗೆ. ಇನ್ನೊಂದು ಮಾತು, ಸ್ಪ್ಯಾನರ್ ಮಕ್ಕಳ ಕೈಯಲ್ಲಿರಲಿ, ಟಾರ್ಚ್ ನಿಮ್ಮ ಕೈಯಲ್ಲಿರಲಿ. ಅದಲುಬದಲಾದರೆ ಎರಡನೇ ವಾರಕ್ಕೆ ಮಕ್ಕಳು ಮೊಬೈಲ್ ಹಿಡಿದು ಒಳಗೆ ಹೋಗಿರುತ್ತಾರೆ.

ಬೋಲ್ಟಿಗೆ ಮೊದಲು ಕಾಗದ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರ್ಮ್ 25 ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಬೆಂಗಳೂರಿನಲ್ಲಿ 800ರ ಮಾರಾಟ 2010ರ ಏಪ್ರಿಲ್‌ನಲ್ಲೇ ನಿಂತಿತು, ಹಾಗಾಗಿ ಇಲ್ಲಿ ಹೊಸದಾಗಿ ಕೊಂಡು ನೋಂದಾಯಿಸಿದ ಬಹುಪಾಲು 800ಗಳು ಈಗಾಗಲೇ ಈ ಗೆರೆ ದಾಟಿವೆ. ಹೊರಗಿನಿಂದ ಕೊಳ್ಳುವುದಾದರೆ ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ಕೊರೆದದ್ದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಸಾಲ ತೀರಿದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೇ ಉಳಿದಿರುವುದುಂಟು. ಅದನ್ನು ತೆಗೆಸಲು ಫಾರ್ಮ್ 35, ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30 ಬೇಕು. ಕಾಗದ ಸರಿಯಾಗದ ಗಾಡಿಗೆ ಒಂದು ರೂಪಾಯಿ ಸುರಿದರೂ ವ್ಯರ್ಥ.

ತುಕ್ಕು ಎಲ್ಲಿ ಅಡಗಿರುತ್ತದೆ

ಎಂಜಿನ್ ಕೆಟ್ಟರೆ ರಿಪೇರಿ ಮಾಡಬಹುದು, ಬಾಡಿ ಕೊಳೆತರೆ ಕಷ್ಟ. ಒಂದು ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಂಚು, ಚಕ್ರದ ಕಮಾನುಗಳ ಮೇಲೆ ಆಡಿಸಿ. ಹಿಡಿಯದೆ ಜಾರಿದ ಕಡೆ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ ಎಂದರ್ಥ. ಆಮೇಲೆ ಕಾರ್ಪೆಟ್ ಎತ್ತಿ, ಡ್ರೈವರ್ ಕಾಲಡಿಯ ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಬ್ಯಾಟರಿಯ ತಟ್ಟೆ, ಮುಂಗಾಜಿನ ರಬ್ಬರ್ ಬೀಡಿಂಗ್ ಅಡಿ, ಡಿಕ್ಕಿಯ ತಳ, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ ಇವು ನೀರು ನಿಲ್ಲುವ ಜಾಗಗಳು.

ಬಾನೆಟ್ಟಿನೊಳಗೆ ಮುಂದಿನ ಸಸ್ಪೆನ್ಷನ್ ಮೇಲ್ತುದಿ ಬೋಲ್ಟಾಗಿರುವ ಗುಂಬದಂಥ ಭಾಗವನ್ನು ಬಹಳ ಎಚ್ಚರದಿಂದ ನೋಡಬೇಕು. ಅಲ್ಲಿ ತಗಡು ಬಿರುಕು ಬಿಟ್ಟಿದ್ದರೆ ಆ ಗಾಡಿ ಬೇಡ. ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಲ್ಲಿ ಉಪ್ಪುಗಾಳಿ ಮತ್ತು ಮಳೆ ಸೇರಿ ತಳ ತಿಂದುಬಿಟ್ಟಿರುತ್ತವೆ. ಕಲಬುರಗಿ, ರಾಯಚೂರಿನ ಗಾಡಿಯಲ್ಲಿ ತಗಡು ಚೆನ್ನಾಗಿದ್ದು ರಬ್ಬರೆಲ್ಲ ಬಿರುಕು ಬಿಟ್ಟಿರುತ್ತದೆ. ಎರಡರಲ್ಲಿ ಆರಿಸುವುದಾದರೆ ಬಯಲುಸೀಮೆಯ ಗಾಡಿಯೇ ವಾಸಿ, ರಬ್ಬರ್ ಅಂಗಡಿಯಲ್ಲಿ ಸಿಗುತ್ತದೆ.

ಗಾಡಿ ಎತ್ತುವ ಮುನ್ನ

ಇಲ್ಲಿ ಅವಸರ ಮಾಡಬೇಡಿ. ಕಾರಿನ ಜೊತೆ ಬಂದ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನಡಿ ಕೈ ಹಾಕುವುದೂ ಅಪಾಯ, ತಲೆ ತೂರಿಸುವುದಂತೂ ಕೂಡದೇ ಕೂಡದು. ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳಿ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳನ್ನು ಅವುಗಳ ಬದಲು ಬಳಸಬೇಡಿ, ಭಾರ ಬಿದ್ದಾಗ ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ನೆಲ ಗಟ್ಟಿ ಕಾಂಕ್ರೀಟ್ ಆಗಿರಲಿ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನಡಿ ದಪ್ಪ ಹಲಗೆ ಹಾಕಿ.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂಭಾಗ ಎತ್ತಿದ ಕ್ಷಣ ಅದರಿಂದ ಪ್ರಯೋಜನವಿಲ್ಲ, ಆಗ ಗಾಡಿಯನ್ನು ಹಿಡಿಯುವುದು ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕೊಟ್ಟ ಮರದ ತುಂಡುಗಳೇ. ಚಕ್ರದ ನಟ್ಟುಗಳನ್ನು ಗಾಡಿ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಸ್ಟ್ಯಾಂಡಿನ ಮೇಲೆ ಕೂತ ಗಾಡಿಯನ್ನು ಒಮ್ಮೆ ಬಲವಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ಯಾರೂ ಅಡಿಯಲ್ಲಿ ಇಲ್ಲದಾಗಲೇ ಬೀಳಲಿ. ಜಾಕ್ ಕೊಡುವ ಜಾಗ ತುಕ್ಕು ಹಿಡಿದಿದ್ದರೆ ಜಾಕ್ ತಗಡನ್ನು ತೂತು ಮಾಡಿ ಒಳಗೆ ಹೋಗುತ್ತದೆ, ಅದನ್ನು ವೆಲ್ಡ್ ಮಾಡಿಸದೆ ಮುಂದಿನ ಕೆಲಸ ಬೇಡ.

8ರಿಂದ 19 ಮಿ.ಮೀ.ವರೆಗಿನ ರಿಂಗ್ ಸ್ಪ್ಯಾನರುಗಳು, ಒಂದು ಸಾಕೆಟ್ ಸೆಟ್, ಬಿಗಿತ ಅಳೆಯುವ ಟಾರ್ಕ್ ರೆಂಚ್, ಮಲ್ಟಿಮೀಟರ್, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ವೈರ್ ಬ್ರಷ್, ಕಣ್ಣು ಕಾಯುವ ಕನ್ನಡಕ. ಇಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಮೊಟ್ಟೆಯ ಟ್ರೇನಲ್ಲಿ ಬಿಚ್ಚಿದ ಸರದಿಯಲ್ಲೇ ಇಡಲು ಹೇಳಿ.

ಬ್ರೇಕು

ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದ ಎಣ್ಣೆ ಆಗುಂಬೆ, ಚಾರ್ಮಾಡಿ ಇಳಿಯುವಾಗ ಕಾದು ಅದರೊಳಗಿನ ನೀರು ಆವಿಯಾಗುತ್ತದೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಆದ್ದರಿಂದ ಪ್ಯಾಡ್ ಹೇಗೇ ಇರಲಿ, ಎಣ್ಣೆ ಬದಲಿಸಿ. ಸೀಲ್ ಒಡೆಯದ ಅರ್ಧ ಲೀಟರಿನ ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆಯ ಬಾಟಲಿ ತನ್ನಿ. ಎಂಜಿನ್ ಆಯಿಲ್ ಒಂದು ಹನಿ ಬೆರೆತರೂ ರಬ್ಬರ್ ಸೀಲುಗಳು ಊದಿಕೊಂಡು ಹಾಳಾಗುತ್ತವೆ. ಬ್ರೇಕ್ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಪಕ್ಕದಲ್ಲೇ ನೀರಿನ ಮಗ್ ಇಟ್ಟುಕೊಳ್ಳಿ.

ಇದು ಇಬ್ಬರ ಕೆಲಸ. ದೊಡ್ಡವರು ಪೆಡಲ್ ಮೇಲೆ, ಮಕ್ಕಳು ಚಕ್ರದ ಬಳಿ. ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಭಾಗ) ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಬಲಗೈ ಸ್ಟೇರಿಂಗ್ ಗಾಡಿಯಲ್ಲಿ ಹಿಂದಿನ ಎಡದಿಂದ ಶುರು ಮಾಡುವುದು ವಾಡಿಕೆ. ಸರ್ವಿಸ್ ಪುಸ್ತಕ ಬೇರೆ ಸರದಿ ಹೇಳಿದರೆ ಅದನ್ನೇ ಅನುಸರಿಸಿ. ಚಕ್ರದ ಬಳಿ ಹಳೆ ಎಣ್ಣೆ, ಗಾಳಿ ಹೊರಬಿಡುವ ಸಣ್ಣ ತಿರುಪಾದ ಬ್ಲೀಡ್ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿಸಿ. ಪೆಡಲ್ ಮೂರು ಸಲ ನಿಧಾನಕ್ಕೆ ಒತ್ತಿ, ಒತ್ತಿಯೇ ಹಿಡಿದು ‘ಹಿಡಿದೆ’ ಎನ್ನಿ. ಕೆಳಗಿನವರು ನಿಪ್ಪಲ್ಲನ್ನು ಕಾಲು ಸುತ್ತು ತೆರೆದು, ಎಣ್ಣೆ ಹರಿದ ಕೂಡಲೇ ಮುಚ್ಚಿ ‘ಬಿಡು’ ಎನ್ನಬೇಕು. ಈ ಮಾತು ಬರುವ ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಮತ್ತೆ ಮೊದಲಿನಿಂದ ಶುರು. ಗುಳ್ಳೆ ನಿಂತು, ತಿಳಿಯಾದ ಹೊಸ ಎಣ್ಣೆ ಬರುವವರೆಗೆ ಮುಂದುವರಿಸಿ. ಬಾನೆಟ್ಟಿನೊಳಗಿನ ಬ್ರೇಕ್ ಎಣ್ಣೆಯ ಡಬ್ಬಿ ಖಾಲಿಯಾಗದಂತೆ ಆಗಾಗ ತುಂಬಿ.

ಹಳೆಯ ಗಾಡಿಯಲ್ಲಿ ಪೆಡಲನ್ನು ನೆಲ ಮುಟ್ಟುವಂತೆ ಒತ್ತಬೇಡಿ. ಮಾಸ್ಟರ್ ಸಿಲಿಂಡರಿನೊಳಗೆ ಪಿಸ್ಟನ್ ದಿನಾ ಓಡಾಡದ ಭಾಗದಲ್ಲಿ ತುಕ್ಕಿನ ಒರಟು ಕೂತಿರುತ್ತದೆ. ಅಲ್ಲಿಯವರೆಗೆ ತಳ್ಳಿದರೆ ಸೀಲ್ ಹರಿದು, ಚೆನ್ನಾಗಿದ್ದ ಸಿಲಿಂಡರ್ ಮಾರನೇ ದಿನ ಸೋರುತ್ತದೆ. ಪೆಡಲಿನಡಿ ಒಂದು ಮರದ ತುಂಡು ಇಟ್ಟರೆ ಈ ತೊಂದರೆ ಇಲ್ಲ. ತುಕ್ಕು ಹಿಡಿದ ನಿಪ್ಪಲ್ಲಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಬಲ ಹಾಕಿದರೆ ಮುರಿಯುತ್ತದೆ.

ಮುಂದಿನ ಡಿಸ್ಕ್ ಪ್ಯಾಡಿನ ದಪ್ಪ 3 ಮಿ.ಮೀ. ಸಮೀಪಿಸಿದ್ದರೆ ಎರಡೂ ಬದಿ ಒಟ್ಟಿಗೆ ಬದಲಿಸಿ. ಬಿಚ್ಚಿದ ಕ್ಯಾಲಿಪರನ್ನು (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹೋಸಿನ ಮೇಲೆ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಹೊಸ ಪ್ಯಾಡಿಗೆ ಜಾಗ ಮಾಡಲು ಅದರ ಪಿಸ್ಟನ್ ಹಿಂದಕ್ಕೆ ತಳ್ಳಿದರೆ ಎಣ್ಣೆಯ ಡಬ್ಬಿ ಉಕ್ಕಬಹುದು, ಸ್ವಲ್ಪ ಎಣ್ಣೆ ಮೊದಲೇ ತೆಗೆದಿಡಿ. ಧೂಳನ್ನು ಊದಬೇಡಿ, ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸ ಮುಗಿದ ಮೇಲೆ ಎಂಜಿನ್ ಶುರು ಮಾಡುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಹಿಂದಿನ ಡ್ರಮ್ಮುಗಳ ಕೆಲಸವನ್ನು ಮೊದಲ ಸಲ ಪರಿಚಿತ ಮೆಕ್ಯಾನಿಕ್‌ನಿಂದ ಮಾಡಿಸಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ. ಡ್ರಮ್ಮಿನೊಳಗಿನ ವೀಲ್ ಸಿಲಿಂಡರಿನ ರಬ್ಬರ್ ತುಟಿ ಎತ್ತಿದಾಗ ಒಳಗೆ ಒದ್ದೆ ಇದ್ದರೆ ಸಿಲಿಂಡರನ್ನೇ ಬದಲಿಸಬೇಕು.

ಚಕ್ರ ಎತ್ತಿರುವಾಗಲೇ ಸ್ಟೇರಿಂಗ್ ಪರೀಕ್ಷೆಯೂ ಆಗಲಿ. ಚಕ್ರವನ್ನು ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಆಟ (ಸಡಿಲ) ಇದ್ದರೆ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತುದಿ ಸವೆದಿರಬಹುದು. ಮೇಲೆ ಕೆಳಗೆ ಹಿಡಿದಾಗ ಆಟವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಟೈರಿನ ಬದಿಯಲ್ಲಿ ‘DOT’ ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2316 ಎಂದರೆ 2016ರ 23ನೇ ವಾರ. ಟೈರಿನ ಹೂವು, ಅಂದರೆ ಮೇಲಿನ ಗೀರುಗಳು, ಎಷ್ಟೇ ಆಳವಿರಲಿ, ಅಷ್ಟು ಹಳೆಯ ರಬ್ಬರನ್ನು ನಂಬಬೇಡಿ.

ನೀರು, ಎಣ್ಣೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಯ ರೇಡಿಯೇಟರಿನಲ್ಲಿ ಪಾತ್ರೆಯಲ್ಲಿ ಕೂತಂಥ ಬಿಳಿ ಸುಣ್ಣ ಕಟ್ಟಿರುತ್ತದೆ. ಈ ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಅಲ್ಯೂಮಿನಿಯಂ. ಒಮ್ಮೆ ಅತಿಯಾಗಿ ಕಾದರೆ ಬಾಗಿ, ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಮುಚ್ಚಳದಡಿ ಮಜ್ಜಿಗೆ ಬಣ್ಣದ ಗಸಿ, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ, ಬಿಸಿಯಾದ ಮೇಲೂ ಬಿಳಿ ಹೊಗೆ, ಇವು ಒಟ್ಟಿಗೆ ಕಂಡರೆ ಹೆಡ್ ಬಿಚ್ಚುವ ಖರ್ಚು ಬಂತೆಂದೇ ತಿಳಿಯಿರಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳ ತೆರೆಯಿರಿ. ಹಳೆ ನೀರು ಬಸಿದು, ತಿಳಿ ಬರುವವರೆಗೆ ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲಿನಲ್ಲಿ ತುಂಬಿ. ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ’ ಎಂದು, ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಆ ಕವಾಟವನ್ನು ಕಿತ್ತೆಸೆಯುವ ಅಭ್ಯಾಸ ಎಷ್ಟೋ ಗ್ಯಾರೇಜುಗಳಲ್ಲಿದೆ. ಅದು ತಪ್ಪು. ಅದಿಲ್ಲದಿದ್ದರೆ ಎಂಜಿನ್ ಬೇಗ ಕಾವಿಗೆ ಬರುವುದಿಲ್ಲ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿಯಲ್ಲಿ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಕಿತ್ತಿದ್ದರೆ ಹೊಸದು ಹಾಕಿಸಿ. ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ ನೋಡುವುದನ್ನು ಬಿಡಬೇಡಿ.

ಎಂಜಿನ್ ಆಯಿಲ್ ಬದಲಾವಣೆ ಸುಲಭ. ಐದು ನಿಮಿಷ ಓಡಿಸಿ ಬಸಿಯಿರಿ. ಹಳೆ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ. ಎರಡು ಉಂಗುರ ಸೇರಿದರೆ ಆಯಿಲ್ ಎಲ್ಲ ಹೊರಗೆ ಚೆಲ್ಲುತ್ತದೆ. ಹೊಸ ಉಂಗುರಕ್ಕೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿ. 20ಡಬ್ಲ್ಯೂ-40 ಆಯಿಲ್ ಮೂರು ಲೀಟರ್ ಡಬ್ಬ ತಂದರೆ ಸಾಕು. ಪೂರ್ತಿ ಸುರಿಯದೆ, ಆಯಿಲ್ ಮಟ್ಟ ತೋರಿಸುವ ಕಡ್ಡಿ ನೋಡುತ್ತ ತುಂಬಿ.

ಕಿಡಿ, ಪೆಟ್ರೋಲು, ಬೆಳಕು

ಪ್ಲಗ್ ವೈರುಗಳನ್ನು ಒಂದೊಂದೇ ತೆಗೆದು ಹಾಕಿ. ಸಿಲಿಂಡರುಗಳು ಉರಿಯುವ ಸರದಿ 1-3-2, ವೈರ್ ಅದಲುಬದಲಾದರೆ ಗಾಡಿ ಕೆಮ್ಮುತ್ತದೆ. ಕಾರ್ಬ್ಯುರೇಟರ್ ಗಾಡಿಗೆ ಪ್ಲಗ್ ತುದಿಗಳ ನಡುವಿನ ಅಂತರ 0.7ರಿಂದ 0.8 ಮಿ.ಮೀ. ಪ್ಲಗ್ ಕೂರಿಸುವಾಗ ಮೊದಲ ಸುತ್ತುಗಳು ಬರಿಗೈಯಲ್ಲೇ ಆಗಬೇಕು. ಓರೆಯಾಗಿ ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ (ತಿರುಪಿನ ಗೀರು) ಹೋಗುತ್ತದೆ. ಈಗ ಬಂಕುಗಳಲ್ಲಿ ಬರುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಹಳೆಯ ರಬ್ಬರ್ ಪೈಪುಗಳು ಅದಕ್ಕೆ ಊದಿ ಬಿರುಕು ಬಿಡುತ್ತವೆ, ಆದ್ದರಿಂದ ಇ20 ತಡೆಯುವ ಹೋಸ್ ಕೇಳಿ ಎಲ್ಲವನ್ನೂ ಬದಲಿಸಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂಬ ದಾಖಲೆ ಇಲ್ಲದಿದ್ದರೆ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸಮೇತ ಗ್ಯಾರೇಜಿನಲ್ಲಿ ಬದಲಿಸಿಬಿಡಿ.

ಬ್ಯಾಟರಿ ವಿರಾಮದಲ್ಲಿ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು. ಹೆಡ್‌ಲೈಟ್ ಮಂಕಾಗಿದ್ದರೆ 100 ವಾಟಿನ ಬಲ್ಬ್ ತರಬೇಡಿ, ಅದು ಕಾನೂನುಬಾಹಿರ, ಸ್ವಿಚ್ ಮತ್ತು ಹೋಲ್ಡರ್ ಕರಗಿಸುತ್ತದೆ. 60/55 ವಾಟಿನದ್ದನ್ನೇ ಇಟ್ಟು, ಬಲ್ಬಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಕೊಡುವ ರಿಲೇಯನ್ನು ಫ್ಯೂಸ್ ಸಹಿತ ಹಾಕಿ, ಅರ್ಥಿಂಗ್ ಜಾಗವನ್ನು ತಗಡು ಹೊಳೆಯುವಂತೆ ಉಜ್ಜಿ. ಬೆಳಕಿನ ವ್ಯತ್ಯಾಸ ಅದೇ ರಾತ್ರಿ ಗೊತ್ತಾಗುತ್ತದೆ.

ಬಣ್ಣದ ಸರದಿ ಬಂದಾಗ ಒಂದೇ ನಿಯಮ: ಬರಿ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್, ಆಮೇಲೆ ಪುಟ್ಟಿ. ಪುಟ್ಟಿ ನೀರು ಹೀರುತ್ತದೆ, ಅಡಿಯಲ್ಲಿ ಪ್ರೈಮರ್ ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲೂ ಬದಲಿಸಬೇಕು.

ಮೊದಲ ಓಟ

18 ತುಂಬಿ, ಎಲ್‌ಎಲ್ಆರ್ (ಕಲಿಕೆಯ ಲೈಸೆನ್ಸ್) ಕೈಗೆ ಬರುವವರೆಗೆ ಮಕ್ಕಳ ಜಾಗ ಪಕ್ಕದ ಸೀಟು. ಮನೆಯ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಎಂದರೂ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡವಿದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಇನ್ಶೂರೆನ್ಸ್, ಹೊಗೆ ತಪಾಸಣೆ ಮುಗಿಸಿ, ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿ ನೋಡಿ. ಗಾಡಿ ಒಂದು ಬದಿಗೆ ಎಳೆದರೆ ಅಲ್ಲಿಂದಲೇ ಹಿಂತಿರುಗಿ. ನೇರ ನಿಂತರೆ 40ಕ್ಕೆ, ಆಮೇಲೆ 60ಕ್ಕೆ ಏರಿಸಿ. ಪಕ್ಕದಲ್ಲಿ ಕೂತವರ ಕೆಲಸ ಟೆಂಪರೇಚರ್ ಮುಳ್ಳು ನೋಡುವುದು ಮತ್ತು ನೋಟ್‌ಬುಕ್‌ನಲ್ಲಿ ಸದ್ದುಗಳನ್ನು ಬರೆಯುವುದು: ಯಾವ ವೇಗದಲ್ಲಿ, ಯಾವ ಬದಿಯಿಂದ, ತಿರುಗುವಾಗಲೋ ನೇರ ಹೋಗುವಾಗಲೋ. ತಿರುವಿನಲ್ಲಿ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಜಾಯಿಂಟ್, ವೇಗದ ಜೊತೆ ಏರುವ ಗುಂಯ್ ಸದ್ದಾದರೆ ಚಕ್ರದ ಬೇರಿಂಗ್.

ಮೊದಲ 100 ಕಿ.ಮೀ. ಆದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ. ರಾತ್ರಿ ಗಾಡಿಯಡಿ ಹಳೆಯ ಪತ್ರಿಕೆ ಹಾಸಿ ಬೆಳಗ್ಗೆ ಕಲೆ ಓದಿ. ಹಸಿರು ಅಥವಾ ಗುಲಾಬಿಯಾದರೆ ಕೂಲೆಂಟ್, ಕಪ್ಪಾದರೆ ಎಂಜಿನ್ ಆಯಿಲ್. ಚಕ್ರದ ಒಳಬದಿಯಲ್ಲಿ ತಿಳಿಯಾದ, ಜಿಡ್ಡು ಜಿಡ್ಡಾದ ಒದ್ದೆ ಕಂಡರೆ ಅದು ಬ್ರೇಕ್ ಎಣ್ಣೆ, ಆ ದಿನ ಗಾಡಿ ತೆಗೆಯಬೇಡಿ.