ಡಿಪೋದ ಮೂಲೆಯಲ್ಲಿದ್ದ ಬೆತ್ತದ ಬಳೆ

ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ‘ಕಾರ್ಪೆಟ್ ಬಡಿಯುವ ಕೋಲು?’ ಅಂತ ಬರೆದಿತ್ತು. ಬೆತ್ತವನ್ನು ದೊಡ್ಡ ಬಳೆಯಂತೆ ಬಗ್ಗಿಸಿ, ಕೆಳಗೆ ಹಿಡಿ ಬಿಟ್ಟಿದ್ದರು. ನೋಡಿದ ಕೂಡಲೇ ನಮ್ಮ ತಾತ ನೆನಪಾದರು. ಅವರು ಮೀಟರ್‌ಗೇಜ್ ಕಾಲದಲ್ಲಿ ಸಣ್ಣ ಸ್ಟೇಷನ್ನಿನ ಮಾಸ್ತರು. ಓಡುವ ರೈಲಿನ ಡ್ರೈವರಿಗೆ ಇಂಥದ್ದೇ ಬಳೆಯಲ್ಲಿ ಟೋಕನ್, ಅಂದರೆ ಮುಂದಿನ ಸ್ಟೇಷನ್‌ವರೆಗೆ ಹೋಗಬಹುದು ಅನ್ನೋ ಅನುಮತಿಯ ಗುರುತು, ಕೊಡುತ್ತಿದ್ದರು.

ಇದು ಅಮೆರಿಕದ ಅಯೋವಾ ರಾಜ್ಯದ ಕಥೆ. ಇಲ್ಲಿನ 99 ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ನಮ್ಮದೂ ಒಂದು, ಸುತ್ತ ಬರೀ ಮೆಕ್ಕೆಜೋಳ. ಹಳೇ ರಾಕ್ ಐಲೆಂಡ್ ರೈಲ್ವೆ ಕಂಪನಿಯ ಡಿಪೋ (ಇಲ್ಲಿ ಸ್ಟೇಷನ್ನಿಗೆ ಹಾಗಂತಾರೆ) ರಿಪೇರಿಯಾಗಿ ಈಗ ಕೌಂಟಿಯ ಮ್ಯೂಸಿಯಂ ಆಗಿದೆ. ಆ ಕಂಪನಿ 1975ರಲ್ಲಿ ದಿವಾಳಿಯಾಗಿ 1980ರ ಮಾರ್ಚ್ 31ಕ್ಕೆ ಓಡಾಟ ನಿಲ್ಲಿಸಿತು. ಹಳಿ ಮಾತ್ರ ಉಳಿಯಿತು. ಅದರ ಮೇಲೆ ಈಗ ಅಯೋವಾ ಇಂಟರ್‌ಸ್ಟೇಟ್ ಅನ್ನೋ ರೈಲ್ವೆ ಕಂಪನಿಯವರ ಗೂಡ್ಸ್ ಗಾಡಿ ಓಡುತ್ತೆ. ಗಾಡಿ ಬಂದಾಗಲೆಲ್ಲ ನಮ್ಮ ಗಾಜಿನ ಕಪಾಟು ಗಡಗಡ ಅನ್ನುತ್ತೆ. ಒಂದು ಪಿಂಗಾಣಿ ಕಪ್ಪು ಜಾರಿ ಬಿದ್ದು ಒಡೆದ ಮೇಲೆ, ಎಲ್ಲದರ ಅಡಿಗೂ ಚೂರು ಮೇಣ ಒತ್ತಿ ಕೂರಿಸಿದೆವು.

ನಾನು ಶನಿವಾರದ ವಾಲಂಟಿಯರ್. ಮ್ಯೂಸಿಯಂ ಅಂದರೆ ಧೂಳು ಒರೆಸೋದು ಅಂದುಕೊಂಡಿದ್ದೆ. ನಿಜವಾಗಿ ಅದು ಕಾಗದದ ಕೆಲಸ. ಬಂದ ಪ್ರತಿ ವಸ್ತುವಿಗೂ ಮೂರು ಭಾಗದ ನಂಬರ್: ವರ್ಷ, ಆ ವರ್ಷದ ಎಷ್ಟನೇ ದಾನ, ಅದರಲ್ಲಿ ಎಷ್ಟನೇ ವಸ್ತು. ಜೊತೆಗೆ ಕೊಟ್ಟವರ ಸಹಿ ಇರುವ ದಾನಪತ್ರ. ಫೋಟೋ ಹಿಂದೆ ಪೆನ್ನಿನಲ್ಲಿ ಬರೆಯೋ ಹಾಗಿಲ್ಲ, ಮೆತ್ತನೆ ಪೆನ್ಸಿಲ್ ಮಾತ್ರ. ‘ಬೇಡ’ ಅನ್ನೋದು ಇದಕ್ಕಿಂತ ಕಷ್ಟ. ಅಜ್ಜಿಯ ಹೊಲಿಗೆ ಮಿಷನ್ ಹೊತ್ತು ತಂದವರಿಗೆ ಆಗಲೇ ಆರು ಇವೆ ಅಂತ ಹೇಗೆ ಹೇಳೋದು? ನಾನಂತೂ ಹೇಳಲಿಲ್ಲ. ಏಳಾಯಿತು.

ಬಳೆಗೆ ದಾನಪತ್ರವೂ ಇರಲಿಲ್ಲ, ನಂಬರೂ ಇರಲಿಲ್ಲ. ತಾತನ ಧೈರ್ಯದ ಮೇಲೆ ಹೊಸ ಚೀಟಿ ಬರೆದೆ: ‘ಟೋಕನ್ ಕೊಡುವ ಬಳೆ.’ ಒಂದು ಶನಿವಾರ ರೈಲ್ವೆಯಲ್ಲಿ ದುಡಿದು ರಿಟೈರ್ ಆದ ಹಿರಿಯರೊಬ್ಬರು ಬಂದು, ಓದಿ ನಕ್ಕರು. ಇದರಲ್ಲಿ ಹೋಗುತ್ತಿದ್ದುದು ಟೋಕನ್ ಅಲ್ಲವಂತೆ, ಕಾಗದ. ಎಲ್ಲಿ ನಿಲ್ಲಬೇಕು, ಯಾವ ಗಾಡಿಗೆ ದಾರಿ ಬಿಡಬೇಕು ಅನ್ನೋ ಆರ್ಡರ್ ಟೆಲಿಗ್ರಾಫಿನಲ್ಲಿ ಬರುತ್ತಿತ್ತು. ಏಜೆಂಟ್, ಅಂದರೆ ಇಲ್ಲಿನ ಸ್ಟೇಷನ್ ಮಾಸ್ತರು, ಅದನ್ನು ತೆಳು ಹಾಳೆಯಲ್ಲಿ ಬರೆದು ಬಳೆಗೆ ಸಿಕ್ಕಿಸಿ, ಹಳಿ ಪಕ್ಕ ನಿಂತು ಎತ್ತಿ ಹಿಡಿಯುತ್ತಿದ್ದ. ಎಂಜಿನ್ನಿನವರಿಗೆ ಒಂದು, ಕೊನೇ ಡಬ್ಬಿಯ ಕಂಡಕ್ಟರಿಗೆ (ನಮ್ಮ ಕಡೆಯ ಗಾರ್ಡ್ ಇದ್ದ ಹಾಗೆ) ಇನ್ನೊಂದು. ಅವರು ತೋಳು ತೂರಿಸಿ ಬಳೆ ಎಳೆದುಕೊಂಡು, ಕಾಗದ ಬಿಚ್ಚಿ, ಬಳೆಯನ್ನು ಕೆಳಗೆ ಎಸೆಯುತ್ತಿದ್ದರು. ‘ಫಾರ್ಮ್ 19’ ಆರ್ಡರ್ ಆದರೆ ಹೀಗೆ ಓಡುತ್ತಲೇ ಕೊಡಬಹುದಿತ್ತು. ‘ಫಾರ್ಮ್ 31’ ಆದರೆ ಗಾಡಿ ನಿಲ್ಲಿಸಿ ಸಹಿ ಹಾಕಿಸಬೇಕಿತ್ತು. ಆಮೇಲೆ ಮಳೆಯಿರಲಿ ಹಿಮವಿರಲಿ, ಬಳೆ ಹುಡುಕಿಕೊಂಡು ಹಳಿಗುಂಟ ನಡೆಯೋದು ಏಜೆಂಟನ ಪಾಡು.

ನಮ್ಮ ತಾತನೂ ಹೀಗೆ ನಡೆದಿರಬೇಕು ಅಲ್ವಾ? ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮೂರನೇ ಚೀಟಿ ಬರೆದೆ. ಬಳೆ ಎಲ್ಲಿಂದ ಬಂತೋ ಗೊತ್ತಿಲ್ಲದ್ದಕ್ಕೆ ಅದರ ದಾಖಲೆಯಲ್ಲಿ ‘ಡಿಪೋದಲ್ಲಿ ಸಿಕ್ಕಿದ್ದು’ ಅಂತ ಹಾಕಿದ್ದೇವೆ. ಹಳೇ ಎರಡು ಚೀಟಿಗಳನ್ನೂ ಅದೇ ಫೈಲಿನಲ್ಲಿಟ್ಟಿದ್ದೇನೆ.