ಜರ್ಮನಿಯ ಹಳ್ಳಿಮನೆಗೆ ಅಪ್ಪ ಅಮ್ಮ ಬರುವ ಮುಂಚೆ

ಬಾಗಿಲಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಬಂದ ಮೊದಲ ವಾರವೇ ತೊಂದರೆ ಕೊಡುವುದು ಅದು. ಇಲ್ಲಿನ ಮನೆಗಳ ಮುಂಬಾಗಿಲಿಗೆ ಹೊರಗಡೆ ಸಾಮಾನ್ಯವಾಗಿ ಇರುವುದು ತಿರುಗದ ಗುಂಡು ಹಿಡಿ. ಬೀಗ ಹಾಕದಿದ್ದರೂ ಗಾಳಿಗೆ ಬಾಗಿಲು ಮುಚ್ಚಿಕೊಂಡರೆ ಸಾಕು, ಕೀ ಇಲ್ಲದೆ ಹೊರಗಿನಿಂದ ತೆಗೆಯಲು ಬರುವುದಿಲ್ಲ. ಊರಲ್ಲಿ ಬೆಳಗಿನಿಂದ ಸಂಜೆವರೆಗೆ ಬಾಗಿಲು ತೆರೆದೇ ಇಟ್ಟು ರೂಢಿಯಾದವರು ಕಸ ಹಾಕಲು ಹೊರಗೆ ಕಾಲಿಟ್ಟರೆ ಅಲ್ಲೇ ಉಳಿಯುತ್ತಾರೆ, ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ. ಪಕ್ಕದ ಮನೆಯಲ್ಲಿ ಇನ್ನೊಂದು ಕೀ ಕೊಟ್ಟಿದ್ದರೂ ಸಾಲದು. ಒಳಗಡೆ ಬೀಗದಲ್ಲೇ ಕೀ ಬಿಟ್ಟಿದ್ದರೆ ಸಾಮಾನ್ಯ ಸಿಲಿಂಡರಿನಲ್ಲಿ, ಅಂದರೆ ಬೀಗದಲ್ಲಿ ಕೀ ತೂರಿಸುವ ಭಾಗದಲ್ಲಿ, ಹೊರಗಿನ ಕೀ ಕೆಲಸ ಮಾಡುವುದಿಲ್ಲ.

ಅದಕ್ಕೆ ನಾನು ಸಿಲಿಂಡರನ್ನೇ ಬದಲಿಸುತ್ತೇನೆ. ಅಂಗಡಿಯಲ್ಲಿ ‘ನೋಟ್ ಉಂಡ್ ಗೆಫಾರೆನ್‌ಫುಂಕ್ಟ್ಸಿಯೋನ್’ ಇರುವುದೇ ಬೇಕು ಎಂದು ಕೇಳಬೇಕು; ಅದು ಒಳಗೆ ಕೀ ಇದ್ದರೂ ಹೊರಗಿನಿಂದ ತೆರೆಯುತ್ತದೆ. ಕೆಲಸ ಹತ್ತು ನಿಮಿಷದ್ದು. ಬಾಗಿಲಿನ ಅಂಚಿನ ಲೋಹದ ಪಟ್ಟಿಯಲ್ಲಿ, ಸಿಲಿಂಡರಿನ ಮಟ್ಟಕ್ಕೆ, ಒಂದು ಉದ್ದನೆಯ ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ಬಿಚ್ಚಿ, ಕೀ ಹಾಕಿ, ಒಂದಿಷ್ಟೇ ತಿರುಗಿಸಿ ಎಳೆಯಬೇಕು. ನಡುವಿನ ನಾಲಿಗೆ ಸಿಲಿಂಡರಿನ ಮೈಗೆ ಸಮವಾದಾಗ ಮಾತ್ರ ಅದು ಹೊರಬರುತ್ತದೆ. ಬರಲಿಲ್ಲವೆಂದು ಜಗ್ಗಬಾರದು, ಕೀಯನ್ನು ಕೂದಲೆಳೆಯಷ್ಟು ಆಚೀಚೆ ಆಡಿಸಬೇಕು. ಅಳತೆಯನ್ನು ಸ್ಕ್ರೂ ತೂತಿನ ನಡುವಿನಿಂದ ಎರಡು ತುದಿಗೂ ಬೇರೆ ಬೇರೆ ತೆಗೆಯಬೇಕು, 30/35 ಮಿ.ಮೀ. ಎಂಬಂತೆ. ಹೊರಗಡೆ 3 ಮಿ.ಮೀ.ಗಿಂತ ಹೆಚ್ಚು ಚಾಚಿದರೆ ಕಳ್ಳರಿಗೆ ಮುರಿಯಲು ಹಿಡಿತ ಸಿಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ, ಹಳೆಯ ಸಿಲಿಂಡರನ್ನು ಎತ್ತಿಡಿ. ಭಾನುವಾರ ಬೀಗ ತೆಗೆಯುವವರನ್ನು ಕರೆಸುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಕಿಟಕಿ ಇನ್ನೂ ಹೆದರಿಸುತ್ತದೆ. ಒಂದೇ ಹಿಡಿಗೆ ಮೂರು ಸ್ಥಾನ: ಕೆಳಮುಖವಾಗಿದ್ದರೆ ಮುಚ್ಚಿದೆ, ಅಡ್ಡಕ್ಕಿದ್ದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲ್ಮುಖವಾಗಿದ್ದರೆ ಮೇಲ್ಭಾಗ ಮಾತ್ರ ಒಳಕ್ಕೆ ವಾಲುತ್ತದೆ. ಕಿಟಕಿ ಅಗಲವಾಗಿ ತೆರೆದಿರುವಾಗಲೇ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಇಡೀ ಗಾಜು ಕಿತ್ತುಬಂದ ಹಾಗೆ ಒಂದು ಮೂಲೆಗೆ ಜೋತುಬೀಳುತ್ತದೆ. ಕೆಳಗಿನ ಹಿಂಜು ಮತ್ತು ಮೇಲಿನ ಕತ್ತರಿ ತೋಳು ಹಿಡಿದಿರುವುದರಿಂದ ಅದು ನೆಲಕ್ಕೆ ಬೀಳುವುದಿಲ್ಲ. ಹಿಂಜು ಇರುವ ಬದಿಯ ಮೇಲಿನ ಮೂಲೆಯನ್ನು ಅಂಗೈಯಿಂದ ಚೌಕಟ್ಟಿಗೆ ಒತ್ತಿ ಹಿಡಿಯಿರಿ. ಹಿಡಿ ಇರುವ ಬದಿಯ ಅಂಚಿನಲ್ಲಿ ಸ್ಪ್ರಿಂಗ್ ಇರುವ ಸಣ್ಣ ಲೋಹದ ನಾಲಿಗೆ ಇರುತ್ತದೆ, ಅದನ್ನು ಹೆಬ್ಬೆರಳಿನಿಂದ ಅದುಮಿದರೆ ಹಿಡಿ ತಿರುಗುತ್ತದೆ. ಅಡ್ಡಕ್ಕೆ ತನ್ನಿ, ಮುಚ್ಚಿ, ಆಮೇಲೆ ಕೆಳಕ್ಕೆ. ದೊಡ್ಡ ಕಿಟಕಿಯ ಗಾಜು ಬಹಳ ಭಾರ, ಒಬ್ಬರೇ ಕೈಹಾಕಬೇಡಿ. ಅಪ್ಪ ಅಮ್ಮ ಬಂದ ದಿನವೇ ಅವರ ಕೈಯಿಂದ ನಾಲ್ಕು ಸಲ ತೆಗೆದು ಮುಚ್ಚಿಸುತ್ತೇನೆ. ಹೇಳಿಕೊಟ್ಟರೆ ಮರೆಯುತ್ತದೆ, ಕೈಗೆ ಬಂದರೆ ಮರೆಯುವುದಿಲ್ಲ.

ಬಚ್ಚಲಿನ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಹಳೆಯ ಹಳ್ಳಿಮನೆಗಳಲ್ಲಿ ಟೈಲ್ಸ್ ಕೆಳಗೆ ಮರದ ತೊಲೆಗಳು. ನಮ್ಮ ರೂಢಿಯಂತೆ ನೆಲದ ಮೇಲೆ ಕೂತು ಎರಡು ಬಕೆಟ್ ಸ್ನಾನ ಮಾಡಿದರೆ ನೀರು ಸಂದಿಗಳಲ್ಲಿ ಇಳಿದು ಕೆಳಮನೆಯ ಚಾವಣಿಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಬಕೆಟ್, ಚೊಂಬು, ಜಾರದ ರಬ್ಬರ್ ಚಾಪೆ, ಅಗಲ ಕಾಲಿನ ಪ್ಲಾಸ್ಟಿಕ್ ಸ್ಟೂಲ್ ಎಲ್ಲವೂ ಟಬ್ಬಿನ ಒಳಗೇ ಇರಲಿ. ನಿಮ್ಮ ಹೊಣೆಗಾರಿಕೆ ವಿಮೆ ಮನೆಗೆ ಬಂದ ಅತಿಥಿಗಳಿಂದಾದ ಹಾನಿಗೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಶೌಚಾಲಯಕ್ಕೆ ಊರಿನಿಂದ ಹೆಲ್ತ್ ಫಾಸೆಟ್ ತಂದರೆ ಅದು ಅರ್ಧ ಇಂಚಿನದು, ಇಲ್ಲಿನ ಮೂಲೆ ವಾಲ್ವ್ 3/8 ಇಂಚು, ಕೂಡುವುದಿಲ್ಲ. ಅಡಾಪ್ಟರ್ ಹಾಕಿ ಕೂಡಿಸಿದರೂ ಆ ಹೋಸ್ ಹಗಲೂ ರಾತ್ರಿ ಒತ್ತಡದಲ್ಲಿದ್ದು ಒಡೆಯುವ ಭಯ ಇದ್ದೇ ಇರುತ್ತದೆ. ಗಿಡಕ್ಕೆ ನೀರು ಹಾಕುವ ಉದ್ದ ಮೂತಿಯ ಒಂದು ಲೀಟರಿನ ಡಬ್ಬವೇ ನನಗೆ ಮೇಲು.

ಅಡುಗೆಮನೆ. ದಕ್ಷಿಣ ಜರ್ಮನಿಯ ಈ ಬೆಟ್ಟಸೀಮೆ, ಶ್ವೇಬಿಷ್ ಆಲ್ಬ್, ಸುಣ್ಣದಕಲ್ಲಿನ ಪ್ರದೇಶ, ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯ ನಾರನ್ನು ಬಿಗಿಮಾಡುತ್ತದೆ, ಎಷ್ಟು ಕೂಗಿಸಿದರೂ ತೊಗರಿಬೇಳೆ ಕಣಕಣವಾಗೇ ಉಳಿಯುತ್ತದೆ. ಫಿಲ್ಟರ್ ಜಗ್ಗಿನ ನೀರಲ್ಲಿ ಎರಡು ಗಂಟೆ ನೆನೆಸಿ, ಚಿಟಿಕೆ ಅಡುಗೆ ಸೋಡ ಹಾಕಿ ಬೇಯಿಸಿ. ಹುಣಸೆ, ಟೊಮೆಟೊ ಹಾಕುವುದು ಬೇಳೆ ಬೆಂದ ಮೇಲೆ. ಇಂಡಕ್ಷನ್ ಒಲೆಯಿದ್ದರೆ ಅಮ್ಮನ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಬೇಕು. ಇನ್ನೊಂದು ಮಾತು ಜೀವದ ವಿಷಯ. ಮನೆಯಲ್ಲಿ ಸೌದೆ ಒಲೆ ಉರಿಯುತ್ತಿರುವಾಗ, ಹೊಗೆಯನ್ನು ಹೊರಗೆ ತಳ್ಳುವ ಚಿಮಣಿ ಫ್ಯಾನ್ ಹಾಕಿ ಒಗ್ಗರಣೆ ಕೊಡಬಾರದು. ಈ ಮನೆಗಳ ಕಿಟಕಿ ಬಾಗಿಲು ಗಾಳಿಯಾಡದಷ್ಟು ಬಿಗಿ. ಫ್ಯಾನ್ ಎಳೆದ ಗಾಳಿಯ ಜಾಗಕ್ಕೆ ಸೌದೆ ಒಲೆಯ ಕೊಳವೆಯಿಂದ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಕಿಟಕಿ ತೆರೆದರೆ ಮಾತ್ರ ಫ್ಯಾನ್ ಓಡುವಂತೆ ಮಾಡುವ ಸ್ವಿಚ್ ಹಾಕಿಸಿ, ಮೊನಾಕ್ಸೈಡ್ ಅಲಾರಂ ಒಂದನ್ನು ತನ್ನಿ. ಹೊಗೆ ಅಲಾರಂ ಬೇರೆ, ಅದು ಬೇರೆ.

ಕಾಗದಪತ್ರದಲ್ಲಿ ಎರಡೇ ಕಡೆ ಎಡವುವುದು. ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕು, ಆದರೆ ಆ ಮೊತ್ತ ಇದ್ದ ಮಾತ್ರಕ್ಕೆ ಹಳೆಯ ಬಿಪಿ, ಸಕ್ಕರೆ ಕಾಯಿಲೆಗೆ ದುಡ್ಡು ಸಿಗುವುದಿಲ್ಲ. ಹಳೆಯ ಕಾಯಿಲೆ ಏಕಾಏಕಿ ಉಲ್ಬಣಿಸಿದರೆ ಏನು ಎಂಬ ಸಾಲನ್ನೇ ಹುಡುಕಿ ಓದಿ. ಆತಿಥ್ಯದ ಹೊಣೆಪತ್ರಕ್ಕೆ ನೀವು ಸಹಿ ಹಾಕಿದ್ದರೆ, ಸರ್ಕಾರ ಭರಿಸಿದ ಚಿಕಿತ್ಸೆಯ ಖರ್ಚೂ ನಿಮ್ಮ ತಲೆಗೇ ಬರುತ್ತದೆ. ಎರಡನೆಯದು ದಿನಗಳ ಲೆಕ್ಕ: 180 ದಿನಗಳಲ್ಲಿ ಇರಬಹುದಾದದ್ದು 90, ಬಂದ ದಿನವೂ ಹೋಗುವ ದಿನವೂ ಸೇರಿ. ಜುಲೈ 1ಕ್ಕೆ ಇಳಿದರೆ ಸೆಪ್ಟೆಂಬರ್ 28 ಕೊನೆಯ ದಿನ. ವಿಮಾನ ರದ್ದಾಗಬಹುದು, ಒಂದು ವಾರ ಮುಂಚೆಗೇ ಟಿಕೆಟ್ ಮಾಡಿ. ಇರುವಷ್ಟು ದಿನಕ್ಕೂ ಆಗುವಷ್ಟು ಮಾತ್ರೆ ಊರಿನಿಂದಲೇ ಬರಲಿ. ಊರಿನ ಡಾಕ್ಟರ ಚೀಟಿಗೆ ಇಲ್ಲಿನ ಔಷಧ ಅಂಗಡಿ ಮಾತ್ರೆ ಕೊಡುವುದಿಲ್ಲ. ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಎಂದು ಮೂಲ ಹೆಸರೂ ಇದ್ದರೆ ಇಲ್ಲಿನ ಡಾಕ್ಟರಿಗೆ ತಿಳಿಯುತ್ತದೆ. ತುಪ್ಪ, ಪೇಡಾ ತರಿಸಬೇಡಿ, ಹಾಲಿನ ಪದಾರ್ಥಕ್ಕೆ ಪ್ರವೇಶವಿಲ್ಲ.

ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ವಾಕಿಂಗ್ ಹೋಗಿಬಂದರೆ ಉಣುಗು ನೋಡಲೇಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯ ವೈರಾಣುವಿನ ಬಳಗದ್ದೇ ಒಂದು ವೈರಾಣು ಇಲ್ಲಿಯ ಉಣುಗಿನಲ್ಲೂ ಇದೆ, ಮಲೆನಾಡಿನವರಿಗೆ ಇಷ್ಟು ಹೇಳಿದರೆ ಸಾಕು. ಮಂಡಿಯ ಹಿಂದೆ, ಕಂಕುಳು, ಸೊಂಟದ ನೆರಿಗೆ ನೋಡಿ. ಎಣ್ಣೆ ಸವರಬೇಡಿ; ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನಿಧಾನ ನೇರ ಎಳೆಯಿರಿ, ತಾರೀಖು ಬರೆದಿಡಿ. ಕೆಲವು ವಾರಗಳೊಳಗೆ ಕೆಂಪು ಉಂಗುರ ಹರಡಿದರೆ ಅದು ಉಣುಗಿನಿಂದಲೇ ಬರುವ ಬೇರೊಂದು ಕಾಯಿಲೆಯ ಗುರುತು, ಡಾಕ್ಟರಿಗೆ ತೋರಿಸಿ.

ಕೊನೆಗೆ ಫೋನು. ವೈಫೈಗೆಂದು ಹಳೆಯ ಫೋನ್ ಕೊಡುವಾಗ ಸಿಮ್ ಹಾಕಿಯೇ ಕೊಡಿ, ಸಿಮ್ ಇಲ್ಲದ ಫೋನಿನಿಂದ ಜರ್ಮನಿಯಲ್ಲಿ 112 ಹೋಗುವುದಿಲ್ಲ. ನಾನು ಅಡುಗೆಮನೆ ಗೋಡೆಗೆ ದಪ್ಪ ಅಕ್ಷರದ ಹಾಳೆ ಅಂಟಿಸುತ್ತೇನೆ: ಮೇಲೆ 112, ಅದರ ಕೆಳಗೆ ಜೀವಕ್ಕೆ ಅಪಾಯವಿಲ್ಲದಿದ್ದರೆ ರಾತ್ರಿ ಡಾಕ್ಟರಿಗೆ 116117. ಆಮೇಲೆ ಕನ್ನಡ ಲಿಪಿಯಲ್ಲಿ ‘ಇಖ್ ಬ್ರೌಖೆ ಹಿಲ್ಫೆ’ (ನನಗೆ ಸಹಾಯ ಬೇಕು), ಊರಿನ ಹೆಸರು, ಬೀದಿ, ಮನೆ ನಂಬರು, ಎಲ್ಲ ಜರ್ಮನ್ ಉಚ್ಚಾರಣೆಯಲ್ಲೇ. ಅಮ್ಮನಿಂದ ಅದನ್ನು ಗಟ್ಟಿಯಾಗಿ ಮೂರು ಸಲ ಓದಿಸಿ, ಪಕ್ಕದ ಮನೆಯ ಅಜ್ಜಿಗೆ ಕೇಳಿಸಿ, ಅವರಿಗೆ ಅರ್ಥವಾಗದ ಶಬ್ದವನ್ನು ತಿದ್ದಿ ಬರೆಯುತ್ತೇನೆ.